ಸೀಟು ಬುಕ್ ಆಗಿತ್ತು, ಟಿಕೆಟ್ ಆಗಿರಲಿಲ್ಲ

ನಗಬೇಡಿ ಗೆಳೆಯರೇ. ನಾಲ್ಕು ಕಂಪನಿಗಳ ವಿಮಾನ ಹತ್ತಿ ಪ್ರಪಂಚ ಸುತ್ತಲು ಬೆಳಿಗ್ಗೆ ಬೆಳಗೋಡಿನಿಂದ ಹೊರಟ ನಾನು, ನನ್ನ ಯಜಮಾನರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲೇ ಇದ್ದೇವೆ.

ಮಂಗಳೂರಿಗೆ ಹೋಗುತ್ತಾ ಮಾರನಹಳ್ಳಿಯಲ್ಲಿ ಟೀ ಕುಡಿಯುವಾಗ ಯಾಕೋ ಅಳುಕಾಗಿ ಮೊದಲ ವಿಮಾನದ ಕಂಪನಿಗೆ ಫೋನ್ ಮಾಡಿದೆ. "ಸೀಟ್ ಹಿಡಿದಿಟ್ಟಿದ್ದಾರೆ ಮೇಡಂ, ಆದ್ರೆ ಟಿಕೆಟ್ ಇಶ್ಯೂನೇ ಆಗಿಲ್ಲ" ಎಂದಳು ಅಲ್ಲಿನ ಹುಡುಗಿ.

ಟಿಕೆಟ್ ಮಾಡಿಸಿಕೊಡುವ ಹಾಸನದ ನಮ್ಮ ಏಜೆಂಟನಿಗೆ ಫೋನ್ ಮಾಡಿದೆ. "ಒಂದು ಕಂಪನಿ ಟೈಮ್ ಬದಲಾಯಿಸ್ತು ಅಕ್ಕ, ಅದಕ್ಕೇ ಇಡೀ ಟಿಕೆಟ್ಟೇ ನಿಂತೋಗೈತೆ. ಇವತ್ತು ಆಗಲ್ಲ. ನೀವೂ ಆಮೇಲೆ ಕೇಳ್ಲೇ ಇಲ್ವಲ್ಲ!"

"ನೀವು ಕೇಳಿರಲಿಲ್ವಾ?" ಎಂದು ಯಜಮಾನರ ಕಡೆ ತಿರುಗಿದೆ.

"ಅವನು ಒಂದ್ಸಲ ಕನ್ಫರ್ಮ್ ಅಂದ್ಮೇಲೆ ತಿರುಗಿ ಕೇಳೋದು ಹೆಂಗೆ ಕಣೇ? ನಾವು ತೋಟದ ಕಾಫಿ ಮಾರೋದೂ ಫೋನಲ್ಲಿ ಆಡಿದ ಮಾತಿನ ಮೇಲೇ ಅಲ್ವಾ? ನಂಬಿಕೆ ಇಲ್ಲ ಅಂದಂಗಾಗ್ತೈತೆ."

ಏಜೆಂಟನಿಗೆ ಬೇಜಾರಾದೀತೆಂದು ಇವರು ಕೇಳಲಿಲ್ಲ. ಇವರಿಗೆ ಬೇಜಾರಾದೀತೆಂದು ನಾನೂ ನಿನ್ನೆ 'ಇನ್ನೊಂದ್ಸಲ ಅವನನ್ನು ಕೇಳಿ ನೋಡಿ' ಎಂಬ ಮಾತನ್ನು ನುಂಗಿಕೊಂಡೆ. ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ಘಾಟಿ ಇಳಿಯದೆ ಗಾಡಿ ತಿರುಗಿಸಿದೆವು. ಗೇಟು ತೆಗೆದಾಗ, ಪ್ರಪಂಚವನ್ನೆಲ್ಲ ಸುತ್ತಿ ಈಗಷ್ಟೇ ಬಂದೆವೇನೋ ಎಂಬಂತೆ ನಮ್ಮ ನಾಯಿ ಮಾತ್ರ ಮೈಮೇಲೆ ಹಾರಿ ಹಾರಿ ಕುಣಿಯಿತು.