ಬಾನೆಟ್ ಮೇಲಿನ ಕುಂಕುಮ

ದಾನಪ್ಪನವರ ಕಾರು ಬಿಳಿಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಕೆಂಪೋ ಕಂದೋ ಆಗಿದ್ದರೆ ನಾನು ಇಲ್ಲಿ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಬಿಳಿ ಬೇಡ, ಮುಂಬೈಯ ನಮ್ಮ ಮುಲುಂಡಿನಲ್ಲಿ ಮೆಟ್ರೋ ಕೆಲಸದ ಧೂಳಿಗೆ ಅದು ಎರಡು ದಿನ ಬಿಳಿಯಾಗಿ ಉಳಿಯುವುದಿಲ್ಲ ಎಂದು ನಾನು ಬಾಯಿ ಬಿಟ್ಟು ಹೇಳಿದ್ದೆ. ನನ್ನ ಮಾತು ಯಾರು ಕೇಳುತ್ತಾರೆ? ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ಹೇಳಿದ್ದನ್ನು ಕೇಳಿಸಿಕೊಳ್ಳದವರ ಮುಂದೆ ಮಾತಾಡುವುದು ನನಗೆ ರೂಢಿಯಾಗಿದೆ.

ಅವರು ವಿಜಯಪುರದ ಕಡೆಯವರು, ನಾನು ಧಾರವಾಡದವನು. ಒಂದೇ ಬಿಲ್ಡಿಂಗಿನಲ್ಲಿ ಅವರು ಮೂರನೆಯ ಮಹಡಿ, ನಾನು ಒಂದನೆಯದು. ಗ್ರಾಂಟ್ ರೋಡಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ದಾನಪ್ಪ ತಮ್ಮ ಆಯುಷ್ಯ ಕಳೆದರು. ಊರಿನವರ ಕಾರುಗಳಿಗೆಲ್ಲ ಫ್ಯಾನ್ ಬೆಲ್ಟು, ಬ್ರೇಕ್ ಲೈನಿಂಗು ಕೊಟ್ಟು, ತಾವು ಸಂಜೆ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಮನೆಗೆ ಬರುತ್ತಿದ್ದರು. ಕೆಲಸ ಬಿಟ್ಟ ವರ್ಷ ಸ್ವಂತ ಕಾರು ತಂದರು. ತಂದರು ಅಷ್ಟೇ. ಓಡಿಸಿದ್ದಕ್ಕಿಂತ ತೊಳೆದದ್ದೇ ಹೆಚ್ಚು.

ಭಾನುವಾರ ಬೆಳಿಗ್ಗೆ ನೀರು ಬಂದ ಕೂಡಲೇ ಎರಡು ಬಕೆಟ್ ಹಿಡಿದು ಕೆಳಗಿಳಿಯುತ್ತಿದ್ದರು. ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವುದಕ್ಕೆ ಬರಿ ನೀರು. ಜಾಲಿಸದೆ ಅದೇ ಬಟ್ಟೆಯನ್ನು ಮತ್ತೆ ಕಾರಿಗೆ ಒತ್ತಿದರೆ ಅದರಲ್ಲಿರುವ ಉಸುಕು ಪೇಂಟನ್ನು ಗೀಚುತ್ತದಂತೆ. ಇದೆಲ್ಲ ಮೊಬೈಲಿನ ವಿಡಿಯೋ ನೋಡಿ ಕಲಿತದ್ದು. ತೊಳೆದು, ಒರೆಸಿ, ಆಮೇಲೆ ಸಣ್ಣ ಸ್ಪಂಜಿನಿಂದ ವ್ಯಾಕ್ಸ್ ಸವರುವುದು. ಅದು ಒಣಗಿ ಮಂಜು ಮುಸುಕಿದ ಹಾಗಾದ ಮೇಲೆ ಮೆತ್ತನೆಯ ಬಟ್ಟೆಯಿಂದ ಉಜ್ಜಿ ಹೊಳಪು ತೆಗೆಯುವುದು. ಅವರ ಶಾಸ್ತ್ರದಲ್ಲಿ ಎರಡು ಮಹಾಪಾಪಗಳಿದ್ದವು. ಕಾರನ್ನು ಬಿಸಿಲಿಗೆ ನಿಲ್ಲಿಸಬಾರದು, ಭಾಂಡೆ ತಿಕ್ಕುವ ಸೋಪನ್ನು ಅದಕ್ಕೆ ಮುಟ್ಟಿಸಬಾರದು. ಬಿಸಿಲು ಬಣ್ಣವನ್ನು ತಿನ್ನುತ್ತದೆ, ಸೋಪು ವ್ಯಾಕ್ಸನ್ನು ತಿನ್ನುತ್ತದೆ. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರು ಓದುತ್ತ ಈ ಉಪದೇಶವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಚಹಾ ತಗೊಂಡು ಅವರ ಹೆಂಡತಿ ಚಂದ್ರವ್ವ ಇಳಿದು ಬರುತ್ತಿದ್ದರು. ಹಣೆಯ ತುಂಬ ಕುಂಕುಮ, ಇಡೀ ಬಿಲ್ಡಿಂಗಿಗೆ ಕೇಳುವ ನಗು. ವ್ಯಾಕ್ಸಿಗೆ ಅವರು ಬೆಣ್ಣೆ ಎಂದು ಹೆಸರಿಟ್ಟಿದ್ದರು. ಕಾರಿಗೆ ಬೆಣ್ಣೆ ಹಚ್ಚುವುದು ಮುಗಿದಿದ್ದರೆ ಮನೆಯ ರೊಟ್ಟಿಗೂ ಸ್ವಲ್ಪ ಉಳಿಸಿಕೊಂಡು ಬನ್ನಿ ಎಂದು ಗಂಡನನ್ನು ಕೆಣಕುತ್ತಿದ್ದರು. ಸ್ನಾನದ ಬಕೆಟ್ಟನ್ನು ಕಾರಿಗೆ ಕಿತ್ತುಕೊಂಡರೆಂಬ ಸಿಟ್ಟು ಅವರಿಗೆ ಕೊನೆಯವರೆಗೂ ಇತ್ತು.

ಕಾರು ಬಂದ ವರ್ಷದ ದಸರೆಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಜೋರಾಗಿ ನಡೆಯಿತು. ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು ಎಲ್ಲ ಆಯಿತು. ಊರಿನಿಂದ ತರಿಸಿದ ಕುಂಕುಮವನ್ನು ನೀರಿನಲ್ಲಿ ಕಲಸಿ ಚಂದ್ರವ್ವ ಉಂಗುರದ ಬೆರಳಿನಿಂದ ಬಾನೆಟ್ ಮೇಲೆ ಅಂಗೈಯಗಲದ ಸ್ವಸ್ತಿಕ ಬರೆದು, ನಡುವೆ ಬೊಟ್ಟುಗಳನ್ನಿಟ್ಟರು. ದಸರೆಯ ಬೆನ್ನಿಗೇ ಬರುವ ಸೀಗೆ ಹುಣ್ಣಿಮೆಯವರೆಗೆ ಅದನ್ನು ಒರೆಸಕೂಡದೆಂದು ಅಪ್ಪಣೆಯಾಯಿತು. ಅವರ ತವರಿನಲ್ಲಿ ಎತ್ತಿನ ಚಕ್ಕಡಿಗೂ ಹಾಗೆಯೇ ಮಾಡುತ್ತಿದ್ದರಂತೆ. ದೇವರ ವಿಷಯದಲ್ಲಿ ಹೆಂಡತಿಯ ಎದುರು ನಿಲ್ಲುವ ಧೈರ್ಯ ದಾನಪ್ಪನವರಿಗೆ ಇರಲಿಲ್ಲ. ಚಕ್ಕಡಿಯ ಕಟ್ಟಿಗೆ ಬೇರೆ, ಕಾರಿನ ಬಿಳಿ ಪೇಂಟು ಬೇರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ವ್ಯಾಕ್ಸ್ ಹಾಕುವುದನ್ನು ದಾನಪ್ಪ ಆಗ ಇನ್ನೂ ಕಲಿತಿರಲಿಲ್ಲ. ಆ ಸಲ ಬಿಲ್ಡಿಂಗಿನ ಕೆಳಗೆ ಕಾರು ನಿಲ್ಲಿಸುವ ಜಾಗದ ಕಂಬಗಳ ರಿಪೇರಿ ನಡೆದಿತ್ತು, ಕಾರುಗಳೆಲ್ಲ ನೆರಳು ಬಿಟ್ಟು ಅಂಗಳದಲ್ಲಿ ನಿಂತಿದ್ದವು. ಮುಂಬೈಯ ಅಕ್ಟೋಬರ್ ಬಿಸಿಲು ಎಂಥದ್ದೆಂದು ಇಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಹುಣ್ಣಿಮೆಯ ಮರುದಿನ ಒರೆಸಿದರೆ ಕುಂಕುಮ ಹೋಯಿತು, ಅದರ ಗುಲಾಬಿ ಕಲೆ ಪೇಂಟಿನೊಳಗೆ ಇಳಿದು ಕೂತಿತ್ತು.

ಅಂದಿನಿಂದ ದಾನಪ್ಪನವರಿಗೆ ನಿದ್ದೆಯಿಲ್ಲ. ಟೂತ್‌ಪೇಸ್ಟು ಆಯಿತು, ಅಡಿಗೆ ಸೋಡಾ ಆಯಿತು, ಯಾರೋ ಹೇಳಿದ ಇನ್ನೇನೋ ಎಣ್ಣೆ ಆಯಿತು. ಪ್ರತಿ ಭಾನುವಾರ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅದೊಂದೇ ಜಾಗವನ್ನು ತಿಕ್ಕುತ್ತಿದ್ದರು. ಒಂದು ಸಲ ಚಂದ್ರವ್ವ ಚಹಾದ ಲೋಟ ಹಿಡಿದುಕೊಂಡೇ ಪಕ್ಕದಲ್ಲಿ ನಿಂತು ನೋಡಿದರು.

“ನಿಮ್ಮ ಕೈಯಾರೆ ನನ್ನ ಕುಂಕುಮ ಅಳಸ್ಲಾಕತ್ತೀರಲ್ರಿ” ಎಂದರು.

“ಇದು ನಿನ್ನ ಹಣಿ ಅಲ್ಲ, ಕಾರಿನ ಬಾನೆಟ್” ಎಂದರು ದಾನಪ್ಪ, ತಲೆ ಎತ್ತದೆ.

ಚಂದ್ರವ್ವ ನಕ್ಕರು, ನಾನೂ ನಕ್ಕೆ. ಹೆಂಗಸಿನ ಕುಂಕುಮ ಅಳಿಸುವುದೆಂದರೆ ಏನರ್ಥ ಎಂದು ನಮ್ಮ ಕಡೆಯವರಿಗೆ ಗೊತ್ತು. ಗಂಡ ಸತ್ತಾಗ ಅಳಿಸುತ್ತಾರೆ. ಈ ಮನುಷ್ಯ ತನ್ನ ಸಾವನ್ನು ತಾನೇ ತಿಕ್ಕಿ ತಿಕ್ಕಿ ಕರೆಯುತ್ತಿದ್ದಾನೆ ಎಂದು ಆಕೆ ತಮಾಷೆ ಮಾಡಿದ್ದು. ತಿಕ್ಕಿ ತಿಕ್ಕಿ ಸ್ವಸ್ತಿಕ ಹೆಚ್ಚುಕಡಿಮೆ ಹೋಯಿತು. ಅದರ ಒಂದು ಕಾಲು ಮತ್ತು ಪಕ್ಕದ ಒಂದು ಬೊಟ್ಟು ಮಾತ್ರ ಏನು ಮಾಡಿದರೂ ಬಿಡಲಿಲ್ಲ.

ಮುಂದಿನ ಶ್ರಾವಣದಲ್ಲಿ ಹೋದವರು ಚಂದ್ರವ್ವ. ಉಪವಾಸದ ಸೋಮವಾರ, ಎದೆ ಹಿಡಿದುಕೊಂಡು ಅಡಿಗೆಮನೆಯಲ್ಲಿ ಕೂತರು, ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೆರೆಯ ಹೆಂಗಸರು ಬಂದು ಹಣೆಗೆ ಕುಂಕುಮ ಬಳಿದರು, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು. ದಾನಪ್ಪ ಬಾಗಿಲಿಗೆ ಒರಗಿ ನಿಂತಿದ್ದರು. ಬಂದವರೆಲ್ಲ ಅವರ ಕೈ ಹಿಡಿದು ಏನೇನೋ ಹೇಳಿದರು. ಅವರು ಎಲ್ಲರಿಗೂ “ಆತ್ರಿ” ಎಂದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಗಟ್ಟಿ ಮನುಷ್ಯ ಎಂದು ಕೆಲವರು ಹೊಗಳಿದರು. ನನಗೆ ಹಾಗೆ ಕಾಣಲಿಲ್ಲ. ಅವರ ಒಳಗೆ ಯಾರೋ ದೀಪ ಆರಿಸಿ ಬಾಗಿಲು ಹಾಕಿಕೊಂಡು ಹೋದಂತೆ ಇತ್ತು.

ಆಮೇಲೆಯೂ ಭಾನುವಾರ ತಪ್ಪಲಿಲ್ಲ. ಅದೇ ಬಕೆಟ್ಟು, ಅದೇ ಬಟ್ಟೆ. ಮಾತು ಮಾತ್ರ ನಿಂತಿತು. ಬಿಸಿಲು, ಸೋಪು ಎಂದು ಉಪದೇಶ ಮಾಡುವುದನ್ನು ಬಿಟ್ಟಿದ್ದರು, ನಾನು ಸರಕಾರವನ್ನು ಬೈದರೂ ಹ್ಞೂಂ, ಚಹಾ ಆಯಿತೇ ಎಂದರೂ ಹ್ಞೂಂ. ಠಾಣೆಯಲ್ಲಿರುವ ಮಗಳು ಶುಭಾಂಗಿ ರಜೆ ಸಿಕ್ಕಾಗಲೆಲ್ಲ ಬಂದು ಅಪ್ಪನನ್ನು ಊಟಕ್ಕೆ, ಸಿನಿಮಾಕ್ಕೆ ಎಳೆದುಕೊಂಡು ಹೋಗುತ್ತಿದ್ದಳು. ಅವರು ಹೋಗುತ್ತಿದ್ದರು, ಉಣ್ಣುತ್ತಿದ್ದರು, ಬರುತ್ತಿದ್ದರು. ಒಮ್ಮೆಯಾದರೂ ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ ಎಂದು ಅವಳು ನನ್ನ ಮುಂದೆ ಅತ್ತಳು.

ಒಂದು ಬದಲಾವಣೆಯನ್ನು ನಾನು ತಡವಾಗಿ ಗಮನಿಸಿದೆ. ಬಾನೆಟ್ ತೊಳೆಯುವಾಗ ಅವರ ಕೈ ಆ ಜಾಗಕ್ಕೆ ಬಂದರೆ ನಿಧಾನವಾಗುತ್ತಿತ್ತು. ತಿಕ್ಕುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಮಗುವಿನ ಮುಖ ಒರೆಸುವಂತೆ ಒತ್ತಿ ತೆಗೆಯುತ್ತಿದ್ದರು. ಆಮೇಲೆ ವ್ಯಾಕ್ಸನ್ನು ಬೆರಳ ತುದಿಯಲ್ಲಿ ತೆಗೆದು ಆ ಒಂದು ಕಾಲು, ಒಂದು ಬೊಟ್ಟಿನ ಮೇಲೆ ಸವರುತ್ತಿದ್ದರು. ಕಲೆ ಹೋಗಲಿಲ್ಲವಲ್ಲ ಎಂದು ನಾನು ಸುಮ್ಮನೆ ಕೇಳಿದೆ.

“ಅಷ್ಟ ಉಳದೈತ್ರಿ ಮಾಸ್ತರ” ಎಂದರು.

ನಾನು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಚಂದ್ರವ್ವನ ವರ್ಷದ ಪೂಜೆಗೆ ಅಪ್ಪ ಮಗಳು ಇಬ್ಬರೂ ಊರಿಗೆ ಹೋದರು. ಶುಭಾಂಗಿಗೆ ಆಫೀಸಿತ್ತು, ಮುಂಚೆ ಬಂದಳು. ಅಪ್ಪ ಬರುವುದರೊಳಗೆ ಅವರಿಗೆ ಸಂತೋಷವಾಗುವಂಥದ್ದು ಏನಾದರೂ ಮಾಡಬೇಕೆಂದು ಅವಳ ಮನಸ್ಸಿಗೆ ಬಂತು. ನಾನು ಆ ದಿನ ಬೈಕುಲ್ಲಾದಲ್ಲಿ ತಂಗಿಯ ಮನೆಯಲ್ಲಿದ್ದೆ. ಸಂಜೆ ಬಂದಾಗ ಹುಡುಗಿ ಬೆವರಿನಲ್ಲಿ ತೊಯ್ದು ಕಾರಿನ ಮುಂದೆ ನಿಂತಿದ್ದಳು. ಪೇಂಟನ್ನು ತುಸು ಸವೆಸಿ ಹೊಳಪು ತರುವ ರಬ್ಬಿಂಗ್ ಕಂಪೌಂಡ್ ತಂದು, ಅಪ್ಪ ತಿಂಗಳುಗಟ್ಟಲೆ ಬೆನ್ನು ಹತ್ತಿದ್ದ ಆ ಕಲೆಯನ್ನು ಪೂರ್ತಿ ತೆಗೆದು, ಮೇಲೆ ಹೊಸ ವ್ಯಾಕ್ಸ್ ಹಾಕಿದ್ದಳು. ಬಾನೆಟ್ಟಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಹೇಗಾಗಿದೆ ಅಂಕಲ್ ಎಂದು ಕೇಳಿದಳು. ಹೊಳೆಯುತ್ತಿದೆ ಎಂದೆ. ಹೋದದ್ದು ಹೋಗಿತ್ತು, ಆ ಮುಖ ನೋಡಿ ಬೇರೆ ಏನು ಹೇಳಬೇಕಿತ್ತು?

ಎರಡು ದಿನ ಬಿಟ್ಟು ದಾನಪ್ಪ ಬಂದರು. ಚೀಲವನ್ನೂ ಇಳಿಸಗೊಡದೆ ಅವಳು ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದಳು.

“ದೇಖೋ ಪಪ್ಪಾ, ದಾಗ್ ಹೋತು. ಫುಲ್ ಕ್ಲೀನ್.”

ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಆಚೆ ಸರಿಸಿದರು, ಮತ್ತೆ ಈಚೆ ತಂದರು. ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ.

“ಚೊಲೊ ಆತವ್ವ” ಎಂದರು. ಕಾರು ಒರೆಸಿದ ಬಟ್ಟೆ ಎಲ್ಲಿ ಕೊಂಡೆ ಎಂದು ವಿಚಾರಿಸಿದರು, ಮೇಲೆ ಹೋಗಿ ಚಹಾ ಕುಡಿದರು.

ಮುಂದಿನ ಭಾನುವಾರ ಅವರು ಇಳಿದು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಕಾರಿನ ಮೇಲೆ ಧೂಳು ಕೂತಿತು, ಪಾರಿವಾಳಗಳು ತಮ್ಮ ಕೆಲಸ ಮಾಡಿಹೋದವು. ಬಕೆಟ್ಟುಗಳು ಬಚ್ಚಲಿಗೆ ವಾಪಸಾದವು. ಚಂದ್ರವ್ವ ಇದ್ದಾಗ ಆಗದ ಕೆಲಸ ಈಗ ಆಯಿತು. ನನಗೆ ಸಿಟ್ಟು ಬಂದು ಮೂರನೆಯ ಮಹಡಿ ಹತ್ತಿ ಹೋಗಿ, ಹಕ್ಕಿ ಹಿಕ್ಕೆಗೆ ಪೇಂಟು ಸುಟ್ಟುಹೋಗುತ್ತದೆ ಎಂದು ಅವರ ಉಪದೇಶವನ್ನೇ ಅವರಿಗೆ ಒಪ್ಪಿಸಿದೆ. ಸುಟ್ಟರೆ ಸುಡಲಿ ಬಿಡ್ರಿ ಎಂದು ಟೀವಿ ನೋಡುತ್ತ ಕೂತರು. ಟೀವಿಯಲ್ಲಿ ಯಾವುದೋ ಅರ್ಥವಾಗದ ಭಾಷೆಯ ವಾರ್ತೆ ಬರುತ್ತಿತ್ತು. ಮಗಳು ತಾನು ಪೇಂಟು ಗೀಚಿದೆನೇನೋ, ಪಪ್ಪಾಗೆ ಅದೇ ಬೇಜಾರೋ ಎಂದು ನನಗೆ ಫೋನು ಮಾಡಿದಳು. ಗೀಚಿಲ್ಲ ಎಂದೆ. ಉಳಿದದ್ದನ್ನು ಅವಳ ಅಪ್ಪನೇ ಹೇಳಬೇಕು ಎಂದು ಬಾಯಿ ಮುಚ್ಚಿಕೊಂಡೆ.

ಹೀಗೇ ದಸರೆ ಬಂತು. ಖಂಡೆ ಪೂಜೆಯ ಬೆಳಿಗ್ಗೆ ಶುಭಾಂಗಿ ತಾನೇ ಕಾರು ತೊಳೆದು, ಮತ್ತೊಂದು ಪದರ ವ್ಯಾಕ್ಸ್ ಹಾಕಿ, ಅಪ್ಪನನ್ನು ಒತ್ತಾಯ ಮಾಡಿ ಕೆಳಗೆ ಕರೆತಂದಳು. ಮಾಲೆ ಕಟ್ಟಿದಳು, ನಿಂಬೆಹಣ್ಣು ಇಟ್ಟಳು. ಪರ್ಸಿನಿಂದ ಸ್ವಸ್ತಿಕದ ಕೆಂಪು ಸ್ಟಿಕರ್ ತೆಗೆದು, ಇದರಿಂದ ಪೇಂಟ್ ಖರಾಬಾಗುವುದಿಲ್ಲ, ಆಮೇಲೆ ಕಿತ್ತು ತೆಗೆಯಬಹುದು ಎಂದು ತೋರಿಸಿದಳು. ಅಪ್ಪನ ಕಾರಿನ ಶಾಸ್ತ್ರವನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು.

ದಾನಪ್ಪ ಸ್ಟಿಕರನ್ನು ನೋಡಿದರು. ಅದು ಬೇಡ, ದೇವರ ಜಗಲಿಯ ಮೇಲೆ ಅವ್ವನ ಕುಂಕುಮದ ಬಟ್ಟಲು ಇದೆ, ಕಲಸಿಕೊಂಡು ಬಾ ಎಂದರು. ಅವಳು ತಂದು ಉಂಗುರದ ಬೆರಳು ಅದ್ದಿ ಬರೆದಳು. ಕುಂಕುಮ ನಿಲ್ಲಲಿಲ್ಲ. ವ್ಯಾಕ್ಸಿನ ಮೇಲೆ ಹನಿಹನಿಯಾಗಿ ಒಡೆದು ಕೆಳಗೆ ಜಾರಿತು. ಮತ್ತೆ ಬರೆದಳು, ಮತ್ತೆ ಜಾರಿತು.

ದಾನಪ್ಪ ಮೇಲೆ ಹೋದರು. ಬರುವಾಗ ಅವರ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಅಡಿಗೆಮನೆಯ ಭಾಂಡೆ ಸೋಪು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬಟ್ಟೆಗೆ ಸೋಪು ಉಜ್ಜಿ, ಬಾನೆಟ್ಟಿನ ಆ ಅಂಗೈಯಗಲದ ಜಾಗವನ್ನು ನೊರೆ ಬರುವಂತೆ ತಿಕ್ಕತೊಡಗಿದರು. ವ್ಯಾಕ್ಸ್ ಹೋಗುತ್ತದೆ ಎಂದು ಶುಭಾಂಗಿ ಗಾಬರಿಯಾದಳು. ಅವರು ನೀರು ಸುರಿದು, ಒಣ ಬಟ್ಟೆಯಿಂದ ಒರೆಸಿ, ಬೆರಳಿನಿಂದ ಮುಟ್ಟಿ ನೋಡಿದರು. ಜಾಗ ಒರಟಾಗಿತ್ತು.

“ಈಗ ಹಚ್ಚು” ಎಂದರು. “ಸೀಗಿ ಹುಣ್ಣಿಮಿ ತನಕ ಒರಸಬ್ಯಾಡ.”

“ದಾಗ್ ಬೀಳ್ತದ ಪಪ್ಪಾ.”

“ಬೀಳ್ಲಿ. ನಿಮ್ಮವ್ವನ ಬೆರಳು ಇಲ್ಲೇ ಇತ್ತು.”

ಅವಳ ಕೈ ಬಟ್ಟಲಿನಲ್ಲೇ ನಿಂತಿತು. ತಾನು ಮಾಡಿದ್ದೇನೆಂದು ಅವಳಿಗೆ ಆಗ ಹೊಳೆಯಿತು. ಅವಳು ಮಾತಾಡುವ ಮೊದಲೇ ದಾನಪ್ಪ ತಲೆ ಅಲ್ಲಾಡಿಸಿದರು.

“ನೀ ತೆಗದದ್ದು ಒಂದು ಬೊಟ್ಟವ್ವ. ಉಳದದ್ದೆಲ್ಲ ನಾನ ಅಳಿಸೇನಿ. ಆಕಿ ನಿಂತು ನೋಡ್ಲಾಕತ್ತಿದ್ಲು.”

ಅಷ್ಟು ಹೇಳಿ ಅವರು ಅತ್ತರು. ಜೋರಾಗಿ ಏನಲ್ಲ, ಸೋಪಿನ ಬಟ್ಟೆ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡು, ಕಣ್ಣು ಉರಿದು, ಮತ್ತೂ ಅತ್ತರು. ಶುಭಾಂಗಿ ಅಳುತ್ತಲೇ ಬರೆದಳು, ಗೆರೆ ಸೊಟ್ಟಗಾಯಿತು. ಈ ಸಲ ಕುಂಕುಮ ಜಾರಲಿಲ್ಲ.

ಆಮೇಲೆ ದಾನಪ್ಪ ಕೀಲಿ ಇಸಿದುಕೊಂಡರು. ಇಂಥ ಹೊತ್ತಿನಲ್ಲಿ ಕಾರು ಎಲ್ಲಿಗೆ ಎಂದು ನಾನು ಕೇಳಿದೆ. ಗಾಲಿಯ ಕೆಳಗಿನ ನಿಂಬೆಹಣ್ಣು ಒಡೆಯಿತು. ಕಂಬಗಳ ನೆರಳಿನಿಂದ ಕಾರನ್ನು ನಿಧಾನವಾಗಿ ಹೊರಗೆ ತೆಗೆದು, ಅಂಗಳದ ನಡುವೆ, ಸುಡುವ ಬಿಸಿಲು ನೇರ ಬಾನೆಟ್ಟಿನ ಮೇಲೆ ಬೀಳುವ ಹಾಗೆ ತಿರುಗಿಸಿ ನಿಲ್ಲಿಸಿದರು.