ಬಿಚ್ಚಲು ಬರುವ ಹಾಗೆ ಕಟ್ಟಿದವರು

ತೊಂಬತ್ತರ ದಶಕದ ನಡುವಿನಿಂದ ಈಚೆಗೆ ತುಮಕೂರು ಸೀಮೆಯ ಬಾಲವಾಡಿಗಳಲ್ಲಿ ಕಲಿತ ಯಾವ ಮಗುವನ್ನಾದರೂ ನಿಲ್ಲಿಸಿ 'ಕಟ್ಟಾಟ' ಗೊತ್ತೇ ಎಂದು ಕೇಳಿ, ಗೊತ್ತು ಎನ್ನುತ್ತದೆ. ಅದನ್ನು ಮಾಡಿದವರು ಯಾರೆಂದು ಕೇಳಿದರೆ ಮಾತ್ರ, ಡಬ್ಬದಿಂದ ಬಂತು ಎಂದು ಹೇಳಿ ಓಡಿಹೋಗುತ್ತದೆ. ಒಂದರ ಬೆನ್ನ ಮೇಲೊಂದು ಟಕ್ಕೆಂದು ಕೂರುವ, ಬೇಡವೆಂದಾಗ ಅಷ್ಟೇ ಸಲೀಸಾಗಿ ಕೈಬಿಡುವ ಆ ಬಣ್ಣದ ಬ್ಲಾಕುಗಳನ್ನು ಕಾಗದದ ಮೇಲೆ ಬರೆದು, ಅಚ್ಚಿಗೆ ಇಳಿಸಿ, ಎಳೆಯ ಕೈಗಳಿಗೆ ತಲುಪಿಸಿದ ಶ್ರೀಮತಿ ಶರೀಫುನ್ನೀಸಾ ಅವರು ಈ ತಿಂಗಳ ಕೊನೆಗೆ ಅಂತರಸನಹಳ್ಳಿಯ ಅಂಜನ ಪ್ಲಾಸ್ಟಿಕ್ಸ್‌ನ ವಿನ್ಯಾಸ ವಿಭಾಗದಿಂದ ನಿವೃತ್ತರಾಗುತ್ತಿದ್ದಾರೆ. ಇಷ್ಟು ವರ್ಷ ಓಡಿದ ಈ ಪಿಕ್ಚರಿನಲ್ಲಿ ಮುಖ್ಯ ಪಾತ್ರಧಾರಿ ಒಮ್ಮೆಯೂ ತೆರೆಯ ಮೇಲೆ ಬಂದಿಲ್ಲ. ಈ ಅಭಿನಂದನಾ ಸಂಪುಟದಲ್ಲಾದರೂ ಅವರಿಗೊಂದು ಸರಿಯಾದ ಎಂಟ್ರಿ ಕೊಡಿಸಬೇಕೆಂಬುದು ವಿಭಾಗದ ಕಿರಿಯರ ಹಂಬಲ. ಹಿನ್ನೆಲೆ ಸಂಗೀತವನ್ನು ಓದುಗರು ದಯವಿಟ್ಟು ತಾವೇ ಹಾಕಿಕೊಳ್ಳಬೇಕು.

ತುಮಕೂರು ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಮುನಾವರ್ ಪಾಷಾ ಅವರ ಹಿರಿಯ ಮಗಳಾಗಿ ಹುಟ್ಟಿದ ಮೇಡಂ, ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತರು. ಆಗ ಇಲ್ಲಿ ಆಗುತ್ತಿದ್ದುದು ಬಕೆಟ್ಟಿನ ಹಿಡಿ, ಬಾಟಲಿಯ ಮುಚ್ಚಳ, ಸೋಪಿನ ಡಬ್ಬಿ. ಯಾರಿಗೂ ಕುತೂಹಲ ಹುಟ್ಟಿಸದ ಈ ವಸ್ತುಗಳು ಅವರಿಗೆ ಮಾತ್ರ ಸಸ್ಪೆನ್ಸ್ ಕಥೆಗಳಾಗಿದ್ದವು. ಒಂದು ಮುಚ್ಚಳ ಏಕೆ ಸುಮ್ಮನೆ ತೆರೆದುಕೊಳ್ಳುತ್ತದೆ, ಇನ್ನೊಂದು ಏಕೆ ಸತಾಯಿಸುತ್ತದೆ ಎಂಬುದು ತಿಳಿಯುವವರೆಗೆ ಅವರಿಗೆ ಸಮಾಧಾನವಿರಲಿಲ್ಲ. ನೆಂಟರ ಮದುವೆಯಲ್ಲಿ ಬೀಗಿತ್ತಿಯ ಎಲೆಯಡಿಕೆ ಡಬ್ಬಿಯನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕೊನೆಗೆ ಅದರ ಕೀಲನ್ನೇ ಕೈಗೆ ಬರಿಸಿದ ಪ್ರಸಂಗವನ್ನು ಅವರ ಮನೆಯವರು ಇಂದಿಗೂ ಮರೆತಿಲ್ಲ.

ಇಂಥವರ ಕೈಗೆ ಬ್ಲಾಕು ಸಿಕ್ಕಿದ್ದು ತೊಂಬತ್ತೈದರಲ್ಲಿ. ಕುಣಿಗಲ್ಲಿನ ಸಂಸ್ಥೆಯೊಂದು ತಾನು ನಡೆಸುತ್ತಿದ್ದ ಬಾಲವಾಡಿಗಳಿಗೆ, ಮಕ್ಕಳು ತಾವೇ ಜೋಡಿಸಿ ಆಡುವಂಥ ಸಾಮಾನು ಬೇಕೆಂದು ಕೇಳಿ ಬಂದಿತ್ತು. ಮಾಲೀಕರಾದ ಅಂಜನಮೂರ್ತಿಯವರಿಗೆ ಆಟದ ಸಾಮಾನಿನಲ್ಲಿ ನಂಬಿಕೆ ಇರಲಿಲ್ಲ. ಆದರೂ ಮೇಡಂ ಬರೆದು ತಂದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದೇ ಒಂದು ಅಚ್ಚಿಗೆ ಆಗುವಷ್ಟು ಉಕ್ಕನ್ನು ಕೊಡಲು ಒಪ್ಪಿದರು. ಬ್ಲಾಕಿನ ನೆತ್ತಿಯ ಮೇಲೆ ಸಾಲಾಗಿ ಬಟನ್‌ಗಳು, ಹೊಟ್ಟೆಯೊಳಗೆ ಆ ಬಟನ್‌ಗಳನ್ನು ಅಪ್ಪಿಕೊಳ್ಳುವ ಗೋಡೆಗಳು. ಇಡೀ ಆಟ ನಿಂತಿದ್ದುದು ಆ ಅಪ್ಪುಗೆಯ ಬಿಗಿಯ ಮೇಲೆ. ಅಚ್ಚಿನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ: ಉಕ್ಕನ್ನು ಕೆರೆದು ತೆಗೆಯಬಹುದು, ತೆಗೆದದ್ದನ್ನು ಅದೇ ನುಣುಪಿನಲ್ಲಿ ಮತ್ತೆ ತುಂಬಲಾಗದು. ಕೆರೆದಷ್ಟೂ ಅಚ್ಚಿನ ಗುಳಿ ಅಗಲವಾಗಿ ಬಟನ್ ದಪ್ಪವಾಗುತ್ತದೆ, ಹಿಡಿತ ಬಿಗಿಯಾಗುತ್ತದೆ. ಹಾಗಾಗಿ ಮೊದಲು ಸಡಿಲವಾಗಿ ಮಾಡಿ, ನೋಡಿಕೊಂಡು ನೋಡಿಕೊಂಡು ಬಿಗಿ ಮಾಡುತ್ತಾ ಹೋಗುವುದು ಪದ್ಧತಿ.

ಅಚ್ಚು ತಯಾರಾಗುವ ಟೂಲ್‌ರೂಮಿನ ಹಿರಿಯ ಫಿಟ್ಟರ್ ಗಂಗಹನುಮಯ್ಯನವರು ಆ ಪದ್ಧತಿಯಂತೆಯೇ ಹೊರಟರು. ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅಲ್ಲಿನವರು ತಮ್ಮದೇ ಆದ ಪರೀಕ್ಷೆಯೊಂದನ್ನು ಕಂಡುಹಿಡಿದರು. ಟೀ ವೇಳೆಯಲ್ಲಿ ಎರಡು ಬ್ಲಾಕು ಜೋಡಿಸಿ, ಕೆಳಗಿನದಕ್ಕೆ ದಾರ ಕಟ್ಟಿ, ಊಟದ ಕ್ಯಾರಿಯರನ್ನು ನೇತುಹಾಕುವುದು. ಕ್ಯಾರಿಯರ್ ಬಿದ್ದರೆ ಗಂಗಹನುಮಯ್ಯನವರಿಗೆ ಅವಮಾನ. ಅವರು ಮತ್ತೆ ಅಚ್ಚು ಬಿಚ್ಚಿ ಉಕ್ಕು ಕೆರೆಯುತ್ತಿದ್ದರು. ಖಾಲಿ ಕ್ಯಾರಿಯರ್ ನಿಂತ ಮೇಲೆ ಮುದ್ದೆ ತುಂಬಿದ್ದು, ಮುದ್ದೆಯದು ನಿಂತ ಮೇಲೆ ಸಾರು ಸಮೇತವಾದದ್ದು. ಅದೂ ನಿಂತ ದಿನ ಅವರು ಖಳನಾಯಕನನ್ನು ಕೆಡವಿದವರಂತೆ ತೋಳು ಮಡಚಿ ಮೇಡಂ ಕಡೆ ತಿರುಗಿದರು.

"ಇನ್ನು ಇದು ಹಿಡ್ಕಂಡ್ರೆ ಬುಡೋ ಮಾತೇ ಇಲ್ಲ ಕಣ್ ಮೇಡಂ."

ಮೇಡಂ ಚಪ್ಪಾಳೆ ತಟ್ಟಿದರು. ಅಳತೆಯನ್ನು ತಾವೇ ತಿದ್ದಿ, ಡ್ರಾಯಿಂಗಿನ ಮೇಲೆ ಸಹಿ ಹಾಕಿದರು. ದಿನವಿಡೀ ಸ್ಪಾನರ್ ತಿರುಗಿಸುವ ಕೈಗಳಿಗೆ ಆ ಬ್ಲಾಕುಗಳನ್ನು ಬಿಡಿಸುವುದು ಕಷ್ಟವೇ ಅಲ್ಲವೆಂಬುದು ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಲ ಡಬ್ಬ ಪರೀಕ್ಷೆಗೆ ಹೋದದ್ದು ಗುಬ್ಬಿಯ ಬಾಲವಾಡಿಗೆ. ವಾರ ಕಳೆದ ಮೇಲೆ ಮೇಡಂ ಬಸ್ಸು ಹತ್ತಿ ನೋಡಲು ಹೋದರು. ಮಕ್ಕಳು ಬ್ಲಾಕುಗಳಿಗೆ ಮುತ್ತಿಕೊಂಡಿರುತ್ತಾರೆಂದು ಎಣಿಸಿದ್ದವರಿಗೆ ಕಂಡದ್ದು ಬೇರೆ. ಮೂಲೆಯಲ್ಲಿ ಎಲ್ಲ ಬ್ಲಾಕುಗಳೂ ಸೇರಿದ ಒಂದು ಗೋಡೆ ನಿಂತಿತ್ತು, ಮಕ್ಕಳು ಅತ್ತ ಕಡೆ ಹುಣಿಸೆಬೀಜ ಆಡುತ್ತಿದ್ದರು. ಟೀಚರ್ ಸರ್ವಮಂಗಳ ಅವರು ಸಂಕೋಚದಿಂದಲೇ, ಮೊದಲ ದಿನ ಒಂದು ಗಳಿಗೆ ಆಡಿದರು, ಆಮೇಲೆ ಯಾರೂ ಮುಟ್ಟಲಿಲ್ಲ ಎಂದು ತಿಳಿಸಿದರು. ಮೇಡಂ ನೆಲದ ಮೇಲೆ ಕುಳಿತು ಗೋಡೆಯನ್ನು ಹತ್ತಿರದಿಂದ ನೋಡಿದರು. ಅಂಚಿನ ಬ್ಲಾಕುಗಳ ಮೇಲೆಲ್ಲ ಸಣ್ಣ ಸಣ್ಣ ಹಲ್ಲಿನ ಗುರುತು. ಇದೇನಿದು ಎಂಬಂತೆ ಅವರು ಬೆರಳಾಡಿಸುತ್ತಿರುವಾಗ, ಮುಂದಿನ ಎರಡು ಹಲ್ಲು ಬಿದ್ದಿದ್ದ ಸುಧಾ ಎಂಬ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಯಾಕಮ್ಮ ಆಡುತ್ತಿಲ್ಲ ಎಂದು ಮೇಡಂ ಕೇಳಿದರು.

"ಕಟ್ಟಾಯ್ತಲ್ಲ. ಬಿಚ್ಚಕ್ಕೆ ಬರಲ್ಲ. ಆಟ ಮುಗ್ದೋಯ್ತು."

ಯಾವ ದೊಡ್ಡ ನಟನೂ ಇದಕ್ಕಿಂತ ತಣ್ಣಗೆ ಡೈಲಾಗ್ ಹೊಡೆದಿರಲಾರ. ಎರಡು ಬ್ಲಾಕುಗಳನ್ನು ಬಿಡಿಸಿಕೊಳ್ಳಲು ಆ ಮಕ್ಕಳು ಹಲ್ಲು ಹಚ್ಚಿದ್ದರು, ಸೋತು ಎದ್ದುಹೋಗಿದ್ದರು. ವಾಪಸ್ಸು ಬರುವ ಬಸ್ಸಿನಲ್ಲಿ ಮೇಡಂ ಮಡಿಲಲ್ಲಿ ಎರಡು ಬ್ಲಾಕು ಇಟ್ಟುಕೊಂಡು, ಹೆಬ್ಬೆರಳನ್ನು ಬಿಟ್ಟು ಬರೀ ಕಿರುಬೆರಳುಗಳಿಂದ ಅವನ್ನು ಎಳೆಯುತ್ತಾ ಕುಳಿತರಂತೆ. ಪಕ್ಕದ ಪ್ರಯಾಣಿಕರು ಸ್ವಲ್ಪ ಸರಿದು ಕೂತರಂತೆ.

ಮಾರನೆಯ ದಿನ ಅಂಜನಮೂರ್ತಿಯವರು ಟೂಲ್‌ರೂಮಿಗೆ ಬಂದರು. ಇಷ್ಟೊಂದು ಉಕ್ಕು ಕೆರೆದ ಕೈ ಯಾರದು ಎಂದು ಕೇಳುವಾಗ ಅವರ ಕಣ್ಣು ಗಂಗಹನುಮಯ್ಯನವರ ಮೇಲಿತ್ತು. ಗಂಗಹನುಮಯ್ಯನವರು ತಲೆ ತಗ್ಗಿಸಿದ್ದರು.

"ಡ್ರಾಯಿಂಗ್ ಮೇಲೆ ಸೈನು ನಂದು ಸರ್," ಎಂದರು ಮೇಡಂ. "ಗಂಗಣ್ಣ ನಾನ್ ಬರ್ದಿದ್ದನ್ನ ಕೆತ್ತಿದ್ರು, ಅಷ್ಟೆ."

"ಹಂಗಾದ್ರೆ ನೀವೇ ಸರಿ ಮಾಡಿ. ಬಾಲವಾಡಿ ರಜಾ ಮುಗಿಯೋ ಹೊತ್ಗೆ ಆಗ್ಲಿಲ್ಲ ಅಂದ್ರೆ ಈ ಉಕ್ಕನ್ನ ಬಟ್ಟೆ ಕ್ಲಿಪ್ಪಿನ ಅಚ್ಚಿಗೆ ಕತ್ತರಿಸ್ಕೊತೀನಿ. ಬೇಜಾರ್ ಮಾಡ್ಕಬೇಡಿ."

ಎರಡನೆಯ ಅಚ್ಚಿಗೆ ಉಕ್ಕು ಸಿಗುವಂತಿರಲಿಲ್ಲ. ಇದ್ದ ಅಚ್ಚಿಗೆ ಉಕ್ಕು ತುಂಬುವಂತಿರಲಿಲ್ಲ. ಅದು ಹೋದರೆ ಕಟ್ಟಾಟವೂ ಹೋದಂತೆ, ಮೇಡಂ ಮತ್ತೆ ಬಕೆಟ್ಟಿನ ಹಿಡಿಗೆ ಮರಳಿದಂತೆ. ಬಟನ್ನಿನ ಅಂಚನ್ನು ಉಜ್ಜಿ ನೋಡಿದರು, ಬೇರೆ ಬಗೆಯ ಪ್ಲಾಸ್ಟಿಕ್ ಹಾಕಿಸಿ ನೋಡಿದರು, ಅಚ್ಚಿನ ಬಿಸಿ ಏರಿಸಿ ಇಳಿಸಿ ನೋಡಿದರು. ಯಾವುದಕ್ಕೂ ಬ್ಲಾಕು ಜಪ್ಪಯ್ಯ ಎನ್ನಲಿಲ್ಲ.

ಒಂದು ಭಾನುವಾರ ಅವರು ತಂದೆಯ ಅಂಗಡಿಯಲ್ಲಿ ಕುಳಿತಿದ್ದರು. ಗಾಜಿನ ಬಳೆ ತೊಡಲು ಬಂದಿದ್ದ ಹೆಣ್ಣುಮಗಳೊಬ್ಬಳು ಬಳೆ ಒಡೆದೀತೆಂಬ ಹೆದರಿಕೆಗೆ ಕೈಯನ್ನು ಕಲ್ಲಿನಂತೆ ಬಿಗಿಹಿಡಿದಿದ್ದಳು. ಮುನಾವರ್ ಪಾಷಾ ಅವರು ಅವಳ ಅಂಗೈಯನ್ನು ಮೆಲ್ಲಗೆ ಒತ್ತಿ ಮಡಚುತ್ತಾ, ಬದುಕಿಡೀ ಹೇಳಿಕೊಂಡು ಬಂದದ್ದನ್ನೇ ಇನ್ನೊಮ್ಮೆ ಹೇಳಿದರು: "ಕೈ ಸಡ್ಲ ಬುಡವ್ವ. ಬಳೆ ಬಗ್ಗಲ್ಲ, ಕೈನೇ ಬಗ್ಬೇಕು."

ಹುಟ್ಟಿದಾಗಿನಿಂದ ಕೇಳಿದ್ದ ಮಾತು ಅಂದು ಮಗಳ ಕಿವಿಗೆ ಹೊಸದಾಗಿ ಬಿತ್ತು. ಬ್ಲಾಕಿನ ಗೋಡೆ ಬಳೆಯಿದ್ದಂತೆ, ಬಟನ್ ಕೈಯಿದ್ದಂತೆ. ತಾವು ಇಷ್ಟು ದಿನ ಒದ್ದಾಡಿದ್ದು ಬಳೆಯನ್ನು ಹಿಗ್ಗಿಸಲು, ಇಲ್ಲವೇ ಕೈಯನ್ನು ಸವೆಸಲು. ಕೈ ಒಳಗಿನಿಂದ ಬಗ್ಗುತ್ತದೆ, ಏಕೆಂದರೆ ಅಂಗೈ ಗಟ್ಟಿ ಮುದ್ದೆಯಲ್ಲ, ಮಡಚಿಕೊಳ್ಳಲು ಅದರೊಳಗೆ ಜಾಗವಿದೆ. ತಮ್ಮ ಬಟನ್ನಿಗೆ ಆ ಜಾಗವೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮೇಡಂ ಗಂಗಹನುಮಯ್ಯನವರ ಮುಂದೆ ಹೊಸ ಚಿತ್ರ ಹರಡಿದರು. ಅಚ್ಚಿನಲ್ಲಿ ಪ್ರತಿ ಬಟನ್ನಿನ ಗುಳಿಯ ನಡುವೆ ತೂತು ಕೊರೆದು ಒಂದು ಪಿನ್ನು ನಿಲ್ಲಿಸುವುದು. ಪಿನ್ನು ನಿಂತ ಕಡೆ ಪ್ಲಾಸ್ಟಿಕ್ ತುಂಬದೆ ಬಟನ್ ನಡುವೆ ಟೊಳ್ಳಾಗುತ್ತದೆ, ಗೋಡೆ ಒತ್ತಿದಾಗ ಕೂದಲೆಳೆಯಷ್ಟು ಒಳಸರಿಯುತ್ತದೆ. ಕಳೆದುಕೊಂಡ ಉಕ್ಕನ್ನು ತುಂಬುವ ತಂಟೆಯೇ ಇಲ್ಲ. ಗಂಗಹನುಮಯ್ಯನವರು ಚಿತ್ರ ನೋಡಿದವರೇ ಡ್ರಿಲ್ಲು ತರಲು ಎದ್ದುಹೋದರು. ಮೊದಲು ಸಣ್ಣ ಪಿನ್ನು, ಆಮೇಲೆ ಸ್ವಲ್ಪ ದಪ್ಪನೆಯದು. ಕ್ಯಾರಿಯರಿನ ಪರೀಕ್ಷೆಗೆ ಅಂದೇ ತೆರೆ ಬಿತ್ತು.

ರಜೆ ಮುಗಿದ ಮೊದಲ ದಿನ ಇಬ್ಬರೂ ಗುಬ್ಬಿಗೆ ಹೋದರು. ಸುಧಾ ಎರಡು ಬ್ಲಾಕುಗಳನ್ನು ಜೋಡಿಸಿದಳು. ಅನುಮಾನದಿಂದಲೇ ಎಳೆದಳು. ಟಕ್ ಎಂದಿತು. ಮತ್ತೆ ಜೋಡಿಸಿದಳು, ಮತ್ತೆ ಎಳೆದಳು. ಅಂದು ಅವಳು ಏನನ್ನೂ ಕಟ್ಟಲಿಲ್ಲ, ಹಾಲು ಹಂಚುವ ಹೊತ್ತಿನವರೆಗೂ ಆ ಟಕ್ಕಿನ ಸದ್ದನ್ನೇ ಮಾಡಿಸುತ್ತಾ ಕುಳಿತಳು. ಗಂಗಹನುಮಯ್ಯನವರು ಬಾಗಿಲ ಬಳಿ ನಿಂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಸೆಕೆ ಎಂದರು.

ಅಲ್ಲಿಂದಾಚೆಗಿನ ಹನ್ನೆರಡು ಹದಿಮೂರು ವರ್ಷ ಮೇಡಂ ನಡೆದದ್ದು ಮಕ್ಕಳ ಹಿಂದೆ. ಪ್ಯಾಕಿಂಗಿನ ಹೆಣ್ಣುಮಕ್ಕಳು ಬಣ್ಣ ಕೆಟ್ಟ ಬ್ಲಾಕುಗಳನ್ನು ಮನೆಗೆ ಒಯ್ಯಲು ಅವರು ಅನುಮತಿ ಕೊಡಿಸಿದರು, ಒಂದೇ ಷರತ್ತಿನ ಮೇಲೆ: ಸೋಮವಾರ ಬಂದು ಮಗು ಏನು ಕಟ್ಟಿತೆಂದು ಹೇಳಬೇಕು. ಬಸ್ಸು, ಒಲೆ, ಮಿನಾರು, ಸೊಳ್ಳೆಬತ್ತಿ ಇಡುವ ತಟ್ಟೆ, ಎಲ್ಲವನ್ನೂ ಅವರು ದೊಡ್ಡ ವಿಷಯವೆಂಬಂತೆ ಕೇಳಿಸಿಕೊಳ್ಳುತ್ತಿದ್ದರು. ಪ್ಯಾಕಿಂಗಿನ ರಂಗಮ್ಮನವರ ಮಗ ದನದ ಕೊಟ್ಟಿಗೆ ಕಟ್ಟಿ, ಬಾಗಿಲು ತೆರೆಯಲಾಗದೆ ಗೋಡೆಯನ್ನೇ ಒದ್ದು ದನ ಹೊರಗೆ ಬಿಟ್ಟನಂತೆ. ಬಾಗಿಲಿನಂತೆ ತೆರೆದು ಮುಚ್ಚುವ, ಕೀಲಿರುವ ಬ್ಲಾಕು ಬಂದದ್ದು ಆ ಒದೆಯಿಂದ. ವಿಭಾಗಕ್ಕೆ ಹೊಸದಾಗಿ ಸೇರಿದವರ ಚಿತ್ರ ತಪ್ಪಿದ್ದರೆ ಮೇಡಂ ಬೈದವರಲ್ಲ. ಆ ತಪ್ಪಿನಂತೆಯೇ ಒಂದು ಬ್ಲಾಕು ಮಾಡಿಸಿ, ಮೇಜಿನ ಮೇಲಿಟ್ಟು, ಆಡಿ ನೋಡು ಎಂದು ಹೇಳಿ ಹೋಗುತ್ತಿದ್ದರು. ಬೈಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಇನ್ನು ಈ ಸಂಪುಟದ ಮುಖಪುಟದ ಬಗ್ಗೆ. ಸಂಪುಟ ಸಮಿತಿಯ ಹಿರಿಯರು ಬಯಸಿದ್ದು ಶಾಲು ಹೊದ್ದು ಗಂಭೀರವಾಗಿ ಕುಳಿತ ಚಿತ್ರವನ್ನು. ಕಿರಿಯರು ಬ್ಲಾಕುಗಳಲ್ಲಿ ದೇವರಾಯನದುರ್ಗದ ಬೆಟ್ಟ ಕಟ್ಟಿ ಪಕ್ಕದಲ್ಲಿಟ್ಟರು. ಉಗ್ರಾಣದಲ್ಲಿ ಉಳಿದಿದ್ದ ತೊಂಬತ್ತೈದರ ಗಟ್ಟಿ ಬಟನ್ನಿನ ಎರಡು ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಿ, ಮೇಲೆ ಹೊಸ ಬ್ಲಾಕು ಮುಚ್ಚಿ, ನೆತ್ತಿಯಲ್ಲಿ ಅಡಗಿಸಿಟ್ಟದ್ದೂ ಅವರೇ. ಫೋಟೊ ತೆಗೆಯುವ ಫೈಜಲ್ ದೀಪ ಸರಿಮಾಡುತ್ತಿದ್ದ. ಮೇಡಂಗೆ ಸುಮ್ಮನೆ ಕೂರಲಾಗುತ್ತದೆಯೇ? ಮೇಲಿನದನ್ನು ಕಿತ್ತರು, ಅದರ ಕೆಳಗಿನದಕ್ಕೆ ಕೈ ಹಾಕಿದರು. ಬರಲಿಲ್ಲ. ಹುಬ್ಬೇರಿತು. ಸುತ್ತಲಿನ ಬೆಟ್ಟವನ್ನೆಲ್ಲ ಬಿಚ್ಚಿ ಆ ಜೋಡಿಯನ್ನು ಹೊರತೆಗೆದು, ಉಗುರು ಹಾಕಿ, ಸೋತು, ಯಾರೂ ನೋಡುತ್ತಿಲ್ಲವೆಂದುಕೊಂಡು ಹಲ್ಲು ಹಚ್ಚಿದರು. ಫೈಜಲ್ ಗುಂಡಿ ಒತ್ತಿದ.

ಆ ಚಿತ್ರವನ್ನು ಹಾಕುವುದೇ ಎಂದು ಅಂಜುತ್ತಲೇ ಕೇಳಿದಾಗ ಮೇಡಂ ಅದನ್ನು ಕೈಗೆ ತೆಗೆದುಕೊಂಡು ನೋಡಿದರು.

"ಹಾಕ್ರಪ್ಪ. ಗುಬ್ಬಿ ಮಕ್ಳು ನನಗೆ ಹೇಳ್ಕೊಟ್ಟಿದ್ದು ಇದನ್ನೇ ಅಲ್ವಾ."

ಮುಖಪುಟದಲ್ಲಿ ಬೆಟ್ಟ ಅರ್ಧವೇ ಏಕಿದೆ, ಸನ್ಮಾನಿತರ ಬಾಯಲ್ಲಿ ಅದೇನಿದೆ ಎಂದು ಚಕಿತರಾದ ಓದುಗರಿಗೆ ಇದು ವಿವರಣೆ. ಆ ಜೋಡಿ ಇನ್ನೂ ಬಿಟ್ಟುಕೊಂಡಿಲ್ಲ. ಮೇಡಂ ಅದನ್ನು ಕೈಚೀಲದಲ್ಲಿ ಮನೆಗೆ ಒಯ್ದಿದ್ದಾರೆ, ಯಾವುದೋ ಹೊಸ ಉಪಾಯ ಹೊಳೆದಿದೆಯಂತೆ. ಶರೀಫುನ್ನೀಸಾ ಅವರಿಗೆ ಆಯುಸ್ಸು, ಆರೋಗ್ಯ, ಗಟ್ಟಿಯಾದ ಹಲ್ಲು ಮೂರೂ ಇರಲಿ. ಅವರ ಕೈಯಲ್ಲಿ ಬಿಚ್ಚಿಕೊಳ್ಳಲು ಸದಾ ಏನಾದರೊಂದು ಉಳಿದಿರಲಿ, ಆಟ ಮುಗಿಯದಿರಲಿ.