ಗ್ಲಾಸು ತೊಳೆಯುವ ಅಕ್ಕ

ಎಲ್ಲರಿಗೂ ಆಕೆ ಅಕ್ಕ. ನಿಜವಾಗಿ ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ, ಬಿಯರ್ ಮಾಡುವ ತಮ್ಮನಿಗೆ. ಉಳಿದವರೆಲ್ಲ ಅವನನ್ನು ಕೇಳಿ ಕೇಳಿ ಕಲಿತವರು. ಆಕೆ ಕೆಲಸ ಮಾಡುತ್ತಿದ್ದ ಬಟ್ಟೆ ಮಿಲ್ಲು ಮುಚ್ಚಿದ ವರ್ಷ, "ಈ ಬೇಸಿಗೆ ಮಟ್ಟಿಗೆ ಬಂದು ಗ್ಲಾಸು ತೊಳಿ ಅಕ್ಕ, ಆಮೇಲೆ ನೋಡೋಣ" ಎಂದು ತಮ್ಮ ಕರೆದಿದ್ದ. ಹನ್ನೊಂದು ವರ್ಷವಾಯಿತು, ಆ 'ಆಮೇಲೆ' ಇನ್ನೂ ಬಂದಿಲ್ಲ.

ಬ್ರೂವರಿ ಅಂದರೆ ಏನೋ ದೊಡ್ಡ ಕಾರ್ಖಾನೆ ಅಂದುಕೊಳ್ಳಬೇಡಿ. ಮೊದಲು ಅದು ಟೈರು ಇಡುವ ಗೋದಾಮು. ಹಿಂದೆ ಎರಡು ಸ್ಟೀಲ್ ಟ್ಯಾಂಕು, ಮುಂದೆ ಆರು ಮೇಜು, ನಡುವೆ ಅಕ್ಕನ ಸಿಂಕು. ಸೋಪು ಚೂರು ಉಳಿದರೂ ಬಿಯರಿನ ನೊರೆ ನಿಲ್ಲುವುದಿಲ್ಲವೆಂದು ಆಕೆ ಪ್ರತಿ ಗ್ಲಾಸನ್ನೂ ಮೂರು ನೀರಲ್ಲಿ ಅದ್ದುತ್ತಾಳೆ. ಬಟ್ಟೆಯಲ್ಲಿ ಒರೆಸುವ ಮಾತೇ ಇಲ್ಲ, ಬೋರಲು ಹಾಕಿ ಗಾಳಿಗೆ ಒಣಗಿಸಬೇಕು. ಸಹಾಯ ಮಾಡುತ್ತೇನೆಂದು ಯಾರಾದರೂ ಟವೆಲ್ಲು ಹಿಡಿದು ಬಂದರೆ ಮುಗಿಯಿತು ಕಥೆ, ಅವರ ಜನ್ಮ ಜಾಲಾಡಿಬಿಡುತ್ತಾಳೆ.

ಬೇಸಿಗೆ ಬಂತೆಂದರೆ ತಮ್ಮ ಗೋಧಿ ಬಿಯರ್ ಮಾಡುತ್ತಾನೆ. ಮಬ್ಬು ಹಳದಿ ಬಣ್ಣ, ಹಗುರ. ಬಿಸಿಲಲ್ಲಿ ಬೆಂದು ಬಂದವರು ಒಂದು ಗುಟುಕು ಹೀರಿದರೆ 'ಅಬ್ಬಾ, ಬದುಕಿದೆ' ಅನ್ನಬೇಕು. ಅನ್ನುತ್ತಿದ್ದರು ಕೂಡ.

ಈ ಬೇಸಿಗೆ ಮಾತ್ರ ಗ್ಲಾಸುಗಳು ಖಾಲಿಯಾಗಿ ಸಿಂಕಿಗೆ ಬರಲಿಲ್ಲ. ಎರಡು ಬೆರಳು, ಮೂರು ಬೆರಳು ಬಿಯರ್ ಉಳಿದೇ ಬರುತ್ತಿತ್ತು. ಇದೇನಪ್ಪಾ ಎಂದು ಅಕ್ಕ ಒಂದನ್ನು ಮೂಸಿ ನೋಡಿದಳು. ಬೆಣ್ಣೆ ವಾಸನೆ! ಬೆಣ್ಣೆ ಹಾಕಿದ ಪಾಪ್‌ಕಾರ್ನ್ ಇರುತ್ತದಲ್ಲ, ಥೇಟ್ ಅದೇ. ಸಿನಿಮಾ ನೋಡುವಾಗ ಚೆನ್ನ, ಬಿಯರಿನಲ್ಲಿ ಯಾರಿಗೆ ಬೇಕು?

ತಮ್ಮ ಮಾತ್ರ ದಿನಾ ಬೆಳಿಗ್ಗೆ ಹತ್ತಕ್ಕೆ ಖಾಲಿ ಹೊಟ್ಟೆಯಲ್ಲಿ ರುಚಿ ನೋಡಿ "ಫಸ್ಟ್ ಕ್ಲಾಸ್!" ಅನ್ನುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಒಂದೇ ವಾಸನೆಯಲ್ಲಿ ಮುಳುಗಿದ ಮೂಗಿಗೆ ಆ ವಾಸನೆ ಗೊತ್ತಾಗುವುದೇ ನಿಂತುಹೋಗಿತ್ತು. ಪಾಪ, ಅವನದೇನು ತಪ್ಪು?

ಶನಿವಾರ ಬೇರೆ ಹತ್ತಿರ ಬರುತ್ತಿತ್ತು. ಸುತ್ತಮುತ್ತಲಿನ ಒಂಬತ್ತು ಸಣ್ಣ ಬ್ರೂವರಿಯವರು ಒಂದೇ ಅಂಗಳದಲ್ಲಿ ಸೇರಿ, ಒಬ್ಬರ ಬೇಸಿಗೆ ಬಿಯರನ್ನು ಇನ್ನೊಬ್ಬರು ಕುಡಿದು ನೋಡುವ ದಿನ ಅದು. ತಮ್ಮನಿಗೆ ಕೆಲಸ ಕಲಿಸಿದ ಮುದುಕನೂ ಬರುವವನಿದ್ದ. ಇವನು ಎದೆಯುಬ್ಬಿಸಿ ಸುರಿದು ಕೊಡುತ್ತಾನೆ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಅದೇ ಕಣ್ಣ ಮುಂದೆ ಬರುತ್ತಿತ್ತು. ಹೇಳೋಣವೆಂದರೆ ಅವನ ಮನಸ್ಸೋ, ಮುಟ್ಟಿದರೆ ಬಾಡುವಂಥದ್ದು. ಹಿಂದೊಮ್ಮೆ ಬೋರ್ಡಿನ ಬಣ್ಣ ಚೆನ್ನಾಗಿಲ್ಲ ಎಂದಿದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದ ಮಹಾರಾಯ.

ಗುರುವಾರ ಮಧ್ಯಾಹ್ನ, ದಿನಾ ಬರುವ ರಿಟೈರಾದ ಪೋಸ್ಟ್‌ಮ್ಯಾನ್ ಬಾಗಿಲ ಪಕ್ಕದ ಹೂಕುಂಡಕ್ಕೆ ತನ್ನ ಬಿಯರ್ ಸುರಿಯುತ್ತಿದ್ದುದು ಅಕ್ಕನ ಕಣ್ಣಿಗೆ ಬಿತ್ತು.

"ಏನ್ರೀ, ಗಿಡಕ್ಕೂ ಬಾಯಾರಿಕೆನಾ?"

ಆತ ಪೆಚ್ಚಾದ. "ಮೆತ್ತಗೆ ಅಕ್ಕ, ಅವನಿಗೆ ಕೇಳಿಸ್ಬಿಡುತ್ತೆ. ಈಗಷ್ಟೇ ಬಂದು ಹೇಗಿದೆ ಅಂತ ಕೇಳ್ದ. ಸೂಪರ್ ಅಂದ್ಬಿಟ್ಟೆ."

"ಯಾಕೆ ಅಂದ್ರಿ?"

"ಆ ಮುಖ ನೋಡ್ಕೊಂಡು ಇನ್ನೇನು ಅನ್ನೋಕಾಗುತ್ತೆ, ನೀವೇ ಹೇಳಿ?"

ಅಕ್ಕನಿಗೆ ಕೋಪ ನೆತ್ತಿಗೇರಿತು. ಪೋಸ್ಟ್‌ಮ್ಯಾನ್ ಮೇಲಲ್ಲ, ತನ್ನ ಮೇಲೆಯೇ. ಪ್ರೀತಿ ಪ್ರೀತಿ ಅಂತ ಎಲ್ಲರೂ ಸೇರಿ ಅವನ ಮಾನ ಕಳೆಯಲು ಹೊರಟಿದ್ದೇವಲ್ಲ! ಕೈ ಕೊಡವಿಕೊಂಡು ನೇರ ಹಿಂದಕ್ಕೆ ನಡೆದಳು.

ತಮ್ಮ ಸಿಳ್ಳೆ ಹಾಕುತ್ತಾ ಮೊದಲ ಟ್ಯಾಂಕಿನಿಂದ ಶನಿವಾರದ ಪೀಪಾಯಿ ತುಂಬಲು ಪೈಪು ಜೋಡಿಸುತ್ತಿದ್ದ.

"ತುಂಬಿಸ್ಬೇಡ. ಬೆಣ್ಣೆ ವಾಸನೆ ಬರ್ತಿದೆ ಕಣೋ."

ಸಿಳ್ಳೆ ನಿಂತಿತು. ಒಂದು ಗ್ಲಾಸು ಹಿಡಿದು ಮೂಸಿದ. ಮತ್ತೆ ಮೂಸಿದ. ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ.

"ಇಲ್ವಲ್ಲಕ್ಕ. ನಂಗೇನೂ ಬರ್ತಿಲ್ಲ."

"ನಿಂಗೆ ಬರ್ತಿಲ್ಲ. ಮಿಕ್ಕ ಎಲ್ಲರಿಗೂ ಬರ್ತಿದೆ."

ಅವನು ಖಾಲಿ ಪೀಪಾಯಿಯ ಮೇಲೆ ಕುಸಿದು ಕೂತ. ಐವತ್ತು ದಾಟಿದ ಗಂಡಸು, ಕೆಳತುಟಿ ಅದುರುತ್ತಿತ್ತು. ತಲೆ ಸವರೋಣವೆಂದು ಕೈ ಎತ್ತಿದ ಅಕ್ಕ ಸವರಲಿಲ್ಲ. ಸವರಿದ್ದರೆ ಅಲ್ಲಿಗೇ ಮಾತು ಮುಗಿದುಹೋಗುತ್ತಿತ್ತು.

"ಯೀಸ್ಟೇ ಇರ್ಬೇಕು. ಒಂದೇ ಯೀಸ್ಟನ್ನ ಮತ್ತೆ ಮತ್ತೆ ಹಾಕಿದೀನಿ, ಸುಸ್ತಾಗಿ ಹೋಗಿದೆ" ಎಂದ ತಮ್ಮ. "ಯಾವಾಗಿಂದ ಹೀಗೆ?"

"ಹೋದ ಬೇಸಿಗೆನೂ ಒಂಚೂರು ಇತ್ತು."

"ಹೋದ ಬೇಸಿಗೆ ನೀನು ಎರಡು ಗ್ಲಾಸ್ ಕುಡಿದೆ. ಇನ್ನೂ ಹಾಕು ಅಂದೆ."

"ನೀನು ಎದುರಿಗೆ ನಿಂತು ನನ್ನ ಮುಖನೇ ನೋಡ್ತಿದ್ದೆ ಕಣೋ. ಏನ್ಮಾಡ್ಲಿ?"

ತಮ್ಮ ಎದ್ದು ಮೊದಲ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿದ. ಒಂದು ತಿಂಗಳ ಬಿಯರ್ ಬುಳಬುಳನೆ ಮೋರಿಗೆ ಹರಿಯಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಉಳಿದದ್ದು ಎರಡನೆಯ ಟ್ಯಾಂಕು. ಪ್ರಯೋಗಕ್ಕೆಂದು ಹೊಸ ಯೀಸ್ಟು ಹಾಕಿ ಮಾಡಿದ್ದು. ಯಾಕೋ ಸಪ್ಪೆ ಅನಿಸಿ, ಶನಿವಾರಕ್ಕೆ ಇದು ಬೇಡವೆಂದು ಅವನೇ ಬದಿಗಿಟ್ಟಿದ್ದ. ಇದೂ ಕೆಟ್ಟಿದ್ದರೆ ಅಲ್ಲಿಗೆ ಬರಿಗೈಯಲ್ಲಿ ಹೋಗಬೇಕು. ಅದರಿಂದ ಅರ್ಧ ಗ್ಲಾಸು ಹಿಡಿದು ಅಕ್ಕನ ಕೈಗೆ ಕೊಟ್ಟ. ಕೊಟ್ಟವನು ಆಕೆಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಂತ.

"ಈಗ ಹೇಳು. ನಾನು ನೋಡಲ್ಲ."

ಅಕ್ಕ ಮೂಸಿದಳು. ಗೋಧಿ, ಅವನು ಹಾಕಿದ್ದ ಕಿತ್ತಳೆ ಸಿಪ್ಪೆ, ಮತ್ತೇನೂ ಇಲ್ಲ. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಬೆವರಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಹೆಗಲೆರಡೂ ಬಿಗಿದು ಕಿವಿಯ ತನಕ ಏರಿದ್ದವು.

"ಚೆನ್ನಾಗಿದೆ ಕಣೋ."

ಹೆಗಲು ಅಲುಗಲಿಲ್ಲ. "ನಿಜ ಹೇಳಕ್ಕ."

ಅಕ್ಕ ಮತ್ತೊಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ಯೋಚಿಸಿದಳು.

"ಕಿತ್ತಳೆ ಸಿಪ್ಪೆ ಒಂಚೂರು ಜಾಸ್ತಿ ಆಯ್ತು" ಎಂದಳು.

ಆಗ ಅವನ ಹೆಗಲು ಕೆಳಗಿಳಿಯಿತು.